ಮೂರು ವರ್ಷದ ಬಿಡುವು

ಪಾವಗಡ ಸೀಮೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ಕೆಲಸ ಮೊದಲೇ ಗೊತ್ತಾಗಿರುತ್ತದೆ. ಹುಡುಗನಾದರೆ ಬೆಂಗಳೂರಿನ ಪೀಣ್ಯದಲ್ಲಿ ಯಾವುದಾದರೂ ಶೆಡ್ಡು, ಕಟ್ಟಡದ ಕೆಲಸ, ಹೋಟೆಲು. ಹುಡುಗಿಯಾದರೆ ಗಾರ್ಮೆಂಟ್ಸ್, ಇಲ್ಲವೇ ಮದುವೆ. ಕಡಲೆಕಾಯಿ ಕೀಳುವ ಕಾಲಕ್ಕೆ ಮನೆಯಲ್ಲಿ ಎರಡು ಕೈ ಹೆಚ್ಚಿದ್ದರೆ ಆಳಿನ ಕೂಲಿ ಉಳಿಯುತ್ತದೆ. ಇಂಥ ಕಡೆ ಮಗಳನ್ನೋ ಮಗನನ್ನೋ ಬಿ.ಎ.ಗೆ ಸೇರಿಸುವುದೆಂದರೆ ಮೂರು ವರ್ಷದ ದುಡಿಮೆಯನ್ನು ಆ ಮನೆ ಬಿಟ್ಟುಕೊಟ್ಟಿತು ಎಂದೇ ಅರ್ಥ. ಆ ಮೂರು ವರ್ಷ ಆ ಮಕ್ಕಳು ಯಾರ ಆಳೂ ಅಲ್ಲ, ಯಾರ ಸೊಸೆಯೂ ಅಲ್ಲ. ಕೂತು ಓದಬಹುದು, ಜಗಳ ಆಡಬಹುದು, ಕಿಟಕಿಯಾಚೆ ನೋಡುತ್ತ ಸುಮ್ಮನಿರಬಹುದು. ಹದಿನೆಂಟರ ಪ್ರಾಯದಲ್ಲಿ ಬಡವರ ಮಕ್ಕಳಿಗೆ ಈ ಬಿಡುವನ್ನು ಕೊಡುವ ಜಾಗ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಕನ್ನಡ ಅಧ್ಯಾಪಕಿಯಾಗಿ ನನ್ನ ಸೇವೆಯ ಬಹುಪಾಲನ್ನು ಆ ಸೀಮೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಳೆದೆ. ನನಗೆ ಸಿಕ್ಕ ಸುಖವೆಲ್ಲ ಈ ಬಿಡುವಿನೊಳಗೆ ಹುಟ್ಟಿದ್ದು. ನನ್ನ ಸಂಕಟವೆಲ್ಲ ಅದು ಪ್ರತಿವರ್ಷ ಇಷ್ಟಿಷ್ಟೇ ಕಡಿಮೆಯಾಗುವುದನ್ನು ನೋಡಿದ್ದರಿಂದ ಬಂದದ್ದು.

ನಾನು ಮಂಡ್ಯ ಕಡೆಯವಳು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿ, ತೊಂಬತ್ತರ ದಶಕದ ಕೊನೆಗೆ ಆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸಿದ್ದೆಲ್ಲ ತೆಲುಗು. ಮೂರು ದಿಕ್ಕಿಗೂ ಆಂಧ್ರ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಯಲ್ಲಿ ತೆಲುಗು ಆಡುವವರು, ತಾಂಡಾಗಳಿಂದ ಬರುವವರ ಮನೆಮಾತು ಲಂಬಾಣಿ. ಕನ್ನಡ ಅವರಿಗೆ ಶಾಲೆಯ ಭಾಷೆ, ಪುಸ್ತಕದ ಭಾಷೆ, ಅರ್ಜಿ ಬರೆಯುವ ಭಾಷೆ. ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಸಿಟ್ಟು ಬಂದರೆ, ಅಳು ಬಂದರೆ, ಬೇಗಬೇಗ ಏನಾದರೂ ಹೇಳಬೇಕಾದರೆ ತೆಲುಗಿಗೆ ಹೊರಳುತ್ತಿದ್ದರು. ತರಗತಿಯಲ್ಲಿ ತೆಲುಗು ಆಡಬಾರದು ಎಂಬ ನಿಯಮ ಮಾಡಿ ಎಂದು ಹಿರಿಯರೊಬ್ಬರು ನನಗೆ ಸಲಹೆ ಕೊಟ್ಟರು. ನಾನು ಮಾಡಲಿಲ್ಲ. ನಾನೇ ತೆಲುಗು ಕಲಿತೆ.

ಅದರ ಫಲ ಸಿಕ್ಕಿದ್ದು ಕುಮಾರವ್ಯಾಸನ ಪಾಠದಲ್ಲಿ. ಉದ್ಯೋಗಪರ್ವದಲ್ಲಿ ಕೃಷ್ಣ ಸಂಧಾನ ಮುರಿದು ಹಿಂದಿರುಗುವಾಗ ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು, ನೀನು ಕುಂತಿಯ ಮಗ ಎಂದು ಹೇಳುವ ಭಾಗ. ಪಠ್ಯದಲ್ಲಿ ಬಂದಾಗಲೆಲ್ಲ ನಾನು ಮೊದಲ ದಿನ ಅರ್ಥ ಹೇಳುತ್ತಿರಲಿಲ್ಲ. ಪೂರ್ತಿ ಭಾಗವನ್ನು ಹಾಡಿಬಿಡುತ್ತಿದ್ದೆ. ಮೈಸೂರಿನಲ್ಲಿ ಗಮಕ ಕಲಿತದ್ದು ಉಪಯೋಗಕ್ಕೆ ಬರುತ್ತಿತ್ತು. ಭಾಮಿನಿ ಷಟ್ಪದಿಗೆ ಒಂದು ಗುಣವಿದೆ, ಪದದ ಅರ್ಥ ತಿಳಿಯದವರಿಗೂ ಅದು ಮುಂದೇನಾಯಿತು ಎಂಬ ಆತುರ ಹುಟ್ಟಿಸುತ್ತದೆ. ಅರ್ಥ ಮರುದಿನ.

ಒಂದು ವರ್ಷ, ಅರ್ಥ ಹೇಳಿ ಮುಗಿಸಿ ಪುಸ್ತಕ ಮಡಚುವಾಗ, ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. ಅಲ್ಲಿಯವರೆಗೆ ಹಾಜರಿ ಹೇಳುವುದನ್ನು ಬಿಟ್ಟು ಬೇರೆ ಮಾತನ್ನು ಅವನ ಬಾಯಿಂದ ನಾನು ಕೇಳಿರಲಿಲ್ಲ. "ಇಂತ ಆಲಸ್ಯಂಗಾ ಎಂದುಕು ಚೆಪ್ಪಿನಾಡು ಮೇಡಂ?" ಇಷ್ಟು ತಡವಾಗಿ ಯಾಕೆ ಹೇಳಿದ ಎಂದು. ಕೃಷ್ಣನಿಗೆ ಮೊದಲೇ ಗೊತ್ತಿತ್ತಲ್ಲವೇ, ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಎಲ್ಲರೆದುರು ಕರ್ಣನನ್ನು ಕುಲ ಕೇಳಿ ಅವಮಾನ ಮಾಡಿದಾಗಲೇ ಹೇಳಬಹುದಿತ್ತಲ್ಲವೇ? ನಾನು ಉತ್ತರ ಕೊಡುವ ಮೊದಲೇ ಮುಂದಿನ ಬೆಂಚಿನ ಹುಡುಗಿ ತಿರುಗಿ ಕೂತಳು. ಅದು ಕೃಷ್ಣ ಹೇಳಬೇಕಾದ್ದಲ್ಲ, ತಾಯಿ ಹೇಳಬೇಕಾದ್ದು ಎಂದಳು. ತಾಯಿ ಹೇಗೆ ಹೇಳಬೇಕು, ನಮ್ಮೂರಲ್ಲಿ ಆಗಿದ್ದರೆ ಅವಳನ್ನು ಬದುಕಲು ಬಿಡುತ್ತಿದ್ದರಾ ಎಂದು ಇನ್ನೊಬ್ಬಳು. ಹೇಳಿದ್ದು ಪ್ರೀತಿಯಿಂದಲ್ಲ, ಯುದ್ಧಕ್ಕೆ ಮುಂಚೆ ಅವನ ಕೈ ಸಡಿಲ ಮಾಡುವುದಕ್ಕೆ ಎಂದ ಮತ್ತೊಬ್ಬ. ಅನ್ನ ಇಕ್ಕಿದ ಕೌರವನನ್ನು ಕರ್ಣ ಬಿಡದೇ ಇದ್ದದ್ದು ಸರಿ ಎಂದು ಕಿಟಕಿ ಪಕ್ಕದವನು ತೀರ್ಪು ಕೊಟ್ಟ. ಅನ್ನಕ್ಕಾಗಿ ಅಧರ್ಮದ ಕಡೆ ನಿಲ್ಲುವುದು ಸರಿಯಾ ಎಂದು ಅದಕ್ಕೆ ಮೂರು ಕಡೆಯಿಂದ ಎದುರು ಮಾತು. ಅರ್ಧ ತೆಲುಗು, ಅರ್ಧ ಕನ್ನಡ. ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಮುಂದಿನ ಅವಧಿಯ ಇತಿಹಾಸದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿ, ತಾವೂ ಒಳಗೆ ಬಂದು ಕೂತರು.

ತಡವಾಗಿ ಯಾಕೆ ಹೇಳಿದ ಎಂಬ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ. ಕುಮಾರವ್ಯಾಸನ ಕುರಿತು ನಾನು ಓದಿದ ವಿಮರ್ಶೆಗಳೂ ಅದನ್ನು ಅಷ್ಟು ನೇರವಾಗಿ ಕೇಳಿದ್ದು ನನಗೆ ನೆನಪಿಲ್ಲ. ಆ ಹುಡುಗನ ಮನೆಯಲ್ಲಿ ಅವನಿಗಿಂತ ಮುಂಚೆ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಕವಿಗೂ ಅವನಿಗೂ ನಡುವೆ ಆರು ಶತಮಾನದ ಹತ್ತಿರದ ದೂರ, ಜೊತೆಗೆ ಇನ್ನೊಂದು ಭಾಷೆ. ಆ ಮಧ್ಯಾಹ್ನ ಅದೆಲ್ಲ ಇಲ್ಲವಾಯಿತು. ಸಂಬಳಕ್ಕಾಗಿ ಮಾಡುವ ಕೆಲಸದಲ್ಲಿ ಇಂಥದ್ದು ಸಿಗುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮರುದಿನ ಅವನು ಭಾರತದ ಇಡೀ ಪುಸ್ತಕ ಬೇಕು ಎಂದು ಸ್ಟಾಫ್‌ರೂಮಿಗೆ ಬಂದ. ಗ್ರಂಥಾಲಯದಲ್ಲಿ ಪುಸ್ತಕವಿತ್ತು. ಗ್ರಂಥಪಾಲಕರ ಹುದ್ದೆ ಖಾಲಿ, ಬೀರುವಿನ ಕೀಲಿ ಕಚೇರಿಯಲ್ಲಿ, ಕಚೇರಿಯವರು ಪರೀಕ್ಷಾ ಶುಲ್ಕ ಕಟ್ಟಲು ಬ್ಯಾಂಕಿಗೆ ಹೋಗಿದ್ದರು. ಓದಬೇಕೆಂಬ ಆಸೆ ಹದಿನೆಂಟರ ಹುಡುಗನಲ್ಲಿ ಎಷ್ಟು ದಿನ ಕಾದು ಕೂತಿರುತ್ತದೆ ಹೇಳಿ. ಸಂಜೆ ನನ್ನ ಮನೆಯ ಪ್ರತಿಯನ್ನೇ ತಂದುಕೊಟ್ಟೆ. ಆದರೆ ಪ್ರತಿಯೊಬ್ಬ ಹುಡುಗನಿಗೂ ಮೇಷ್ಟ್ರ ಮನೆಯ ಪುಸ್ತಕವೇ ದಾರಿಯಾಗಬೇಕೆ? ಕಾಲೇಜಿನಲ್ಲಿ ಪುಸ್ತಕಗಳಿದ್ದೂ ಅವನ್ನು ತೆಗೆದುಕೊಡಲು ಜನರಿಲ್ಲದ ಸ್ಥಿತಿ ನನ್ನನ್ನು ಕೊನೆಯವರೆಗೂ ಕಾಡಿತು.

ನಾನು ಸೇರಿದಾಗ ವರ್ಷಕ್ಕೊಂದೇ ಪರೀಕ್ಷೆ. ಜೂನ್, ಜುಲೈನಲ್ಲಿ ಶುರುವಾದ ಪಾಠ ಮಾಗಿಯ ಚಳಿ ಕಳೆದು ಬೇಸಿಗೆ ಬರುವವರೆಗೆ ನಡೆಯುತ್ತಿತ್ತು. ಒಂದು ಕಾವ್ಯಭಾಗಕ್ಕೆ ಒಂದು ತಿಂಗಳು ಕೊಡಬಹುದಿತ್ತು. ಆಗ ನಮ್ಮ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು, 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ವ್ಯಾಪ್ತಿಗೆ ಬಂತು. ಸೆಮಿಸ್ಟರ್ ಪದ್ಧತಿ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ವರ್ಷದ ಕೊನೆಗೆ ಒಂದೇ ಸಲ ಎದೆ ಒಡೆದುಕೊಳ್ಳುವ ಬದಲು ಓದು ವರ್ಷವಿಡೀ ಹರಡಿಕೊಳ್ಳಲಿ ಎಂದು. ನಮ್ಮಂಥ ಕಡೆ ಆದದ್ದು ಬೇರೆ. ಪ್ರವೇಶ ಮುಗಿಯಲು ಒಂದೂವರೆ ತಿಂಗಳು. ಅತಿಥಿ ಉಪನ್ಯಾಸಕರ ಪಟ್ಟಿ ಬಂದು ಅವರು ಸೇರಲು ಇನ್ನೊಂದು ತಿಂಗಳು. ಆಮೇಲೆ ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್, ಅಂಕ ಏರಿಸುವುದು, ಪರೀಕ್ಷಾ ಕೆಲಸ. ಅದು ಮುಗಿದರೆ ಮೌಲ್ಯಮಾಪನಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ತುಮಕೂರಿಗೆ. ಹದಿನಾರು ವಾರ ಎಂದು ಕಾಗದದಲ್ಲಿದ್ದ ಸೆಮಿಸ್ಟರಿನಲ್ಲಿ ಪಾಠಕ್ಕೆ ಉಳಿಯುತ್ತಿದ್ದದ್ದು ಅದರ ಅರ್ಧ. ವರ್ಷಕ್ಕೆ ಎರಡು ಸಲ ಇದೇ ಕಥೆ. ಕರ್ಣನ ಪಾಠಕ್ಕೆ ಎರಡು ತರಗತಿ ಕೊಟ್ಟರೆ ಹೆಚ್ಚು ಎನ್ನುವ ಕಾಲ ಬಂತು.

ಅಷ್ಟಾದರೂ ಒಂದು ಪದ್ಧತಿ ನಿಂತು ನೆಲೆಯೂರಿದ್ದರೆ ನಾವು ಹೊಂದಿಕೊಳ್ಳುತ್ತಿದ್ದೆವು. ಸೆಮಿಸ್ಟರಿಗೆ ಒಗ್ಗುವಷ್ಟರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂತು. 2021ರಲ್ಲಿ ದೇಶದಲ್ಲೇ ಮೊದಲಿಗೆ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು, ನಾಲ್ಕು ವರ್ಷದ ಆನರ್ಸ್ ಬಂತು, ಮುಕ್ತ ಆಯ್ಕೆಯ ವಿಷಯಗಳು ಬಂದವು. ಒಂದು ತಂಡ ಮೂರು ವರ್ಷ ಮುಗಿಸುವ ಹೊತ್ತಿಗೆ, 2024ರಲ್ಲಿ, ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಯಾವ ನೀತಿ ಸರಿ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಒಂದೇ ಕಾರಿಡಾರಿನಲ್ಲಿ ಒಂದನೇ ವರ್ಷದವರಿಗೆ ಒಂದು ಪಠ್ಯಕ್ರಮ, ಎರಡನೇ ವರ್ಷದವರಿಗೆ ಇನ್ನೊಂದು, ಹಿಂದೆ ಫೇಲಾದವರಿಗೆ ಮತ್ತೊಂದು ನಡೆಸಿದವರು ನಾವು. ಪಠ್ಯಪುಸ್ತಕ ಅಂಗಡಿಗೆ ಬರುವ ಮೊದಲೇ ಪರೀಕ್ಷೆಯ ದಿನಾಂಕ ಬಂದಿರುತ್ತಿತ್ತು. ಜೆರಾಕ್ಸ್ ಮಾಡಿಸಲು ಹಣವಿಲ್ಲದ ಮಕ್ಕಳು ಒಬ್ಬರ ಪ್ರತಿ ಒಬ್ಬರು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಮೇಲೆ ಕೂತು ಪದ್ಧತಿ ಬದಲಿಸುವವರು ಒಂದು ಸಲ ಅದನ್ನು ಬಂದು ನೋಡಬೇಕಿತ್ತು.

ನ್ಯಾಕ್ ಬಗ್ಗೆ ಹೇಳದೆ ಈ ಕಾಲದ ಯಾವ ಅಧ್ಯಾಪಕರ ನೆನಪೂ ಪೂರ್ತಿಯಾಗದು. 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಕಾಲೇಜುಗಳ ಗುಣಮಟ್ಟವನ್ನು ಹೊರಗಿನವರು ಬಂದು ನೋಡಬೇಕು ಎಂಬ ಅದರ ಮೂಲ ವಿಚಾರ ನನಗೆ ಒಪ್ಪಿಗೆಯೇ. ತಪಾಸಣೆ ಇದೆ ಎಂಬ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ನೀರು ಬರುವ ಶೌಚಾಲಯ ಸಿಕ್ಕಿತು, ಅದನ್ನು ಮರೆಯಲಾರೆ. ಆದರೆ ಏಳು ಮಾನದಂಡಗಳಿಗೆ ಐದು ವರ್ಷದ ದಾಖಲೆ ಹೊಂದಿಸುವ ಕೆಲಸ ಪಾಠ ಮಾಡುವವರ ಹೆಗಲಿಗೇ ಬಂತು. ಮಾಡಿದ ಪ್ರತಿ ಕಾರ್ಯಕ್ರಮಕ್ಕೂ ವರದಿ, ಹಾಜರಿ ಪಟ್ಟಿ, ಜಾಗ ಮತ್ತು ಹೊತ್ತು ಅಚ್ಚಾಗಿರುವ ಜಿಯೋಟ್ಯಾಗ್ ಫೋಟೊ. ಫೋಟೊ ಇಲ್ಲದಿದ್ದರೆ ಕೆಲಸ ನಡೆದೇ ಇಲ್ಲ. ಮಧ್ಯಾಹ್ನದ ಹೊತ್ತು ಮಕ್ಕಳು ಏನಾದರೂ ಕೇಳಲು ಬಾಗಿಲಿಗೆ ಬಂದರೆ ನಾವು ಕಂಪ್ಯೂಟರಿನ ಮುಂದಿರುತ್ತಿದ್ದೆವು. ನಾಳೆ ಬಾರಮ್ಮ ಎಂದು ಕಳಿಸಬೇಕಾಗುತ್ತಿತ್ತು. ಕರ್ಣನ ಕುರಿತ ಆ ಮಧ್ಯಾಹ್ನದ ವಾದ ಯಾವ ಮಾನದಂಡಕ್ಕೂ ಸೇರುವಂಥದ್ದಲ್ಲ. ಒಂದು ಕಾಲೇಜು ಬದುಕಿದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಬಸ್ಸು. ನಮ್ಮ ಮಕ್ಕಳು ಕಾಲೇಜಿನಲ್ಲಿ ಕಳೆಯುವ ಹೊತ್ತನ್ನು ನಿರ್ಧರಿಸುತ್ತಿದ್ದದ್ದು ನಮ್ಮ ವೇಳಾಪಟ್ಟಿಯಲ್ಲ, ಬಸ್ಸಿನದು. ಸರ್ಕಾರಿ ಬಸ್ಸು ಕಡಿಮೆ, ಖಾಸಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹುಡುಗರು ಟಾಪಿನ ಮೇಲೆ. 2022ರ ಮಾರ್ಚ್‌ನಲ್ಲಿ ಪಳವಳ್ಳಿಯ ಬಳಿ ವಿದ್ಯಾರ್ಥಿಗಳಿಂದ ತುಂಬಿದ್ದ ಖಾಸಗಿ ಬಸ್ಸು ಉರುಳಿಬಿತ್ತು. ಓದಲು ಹೊರಟ ಮಕ್ಕಳು ದಾರಿಯಲ್ಲೇ ಸತ್ತರು. ಆ ಸೀಮೆಯ ಯಾವ ಕಾಲೇಜಿನ ಯಾವ ಮೇಷ್ಟ್ರೂ ಆ ದಿನವನ್ನು ಮರೆಯಲು ಸಾಧ್ಯವಿಲ್ಲ. ಅದಾದ ಮೇಲೆ ತುಂಬ ದಿನ ನಾನು ಹಾಜರಿ ಕರೆಯುವಾಗ, ಉತ್ತರ ಬರದ ಹೆಸರಿನ ಮುಂದೆ ಪೆನ್ನು ನಿಂತುಬಿಡುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಅದರ ಬಗ್ಗೆ ಊರೆಲ್ಲ ಏನೇನೋ ಮಾತಾಡಿತು. ನಾನು ನೋಡಿದ್ದು ಇಷ್ಟು. ಪಾಸಿನ ಹಣ ಹೊಂದದೆ ಸೋಮವಾರ ಬಂದರೆ ಬುಧವಾರ ಬಾರದಿದ್ದ ಹುಡುಗಿಯರು ದಿನವೂ ಬರತೊಡಗಿದರು. ಮಗಳ ಓದು ನಿಲ್ಲಿಸಲು ಮನೆಯಲ್ಲಿ ಹೂಡುತ್ತಿದ್ದ ಒಂದು ನೆಪ ಕಡಿಮೆಯಾಯಿತು.

ನೆಪಗಳು ಬೇರೆಯೂ ಇದ್ದವು. ಎರಡನೇ ವರ್ಷದ ಬೇಸಿಗೆ ರಜೆ ಮುಗಿದು ಬಾಗಿಲು ತೆರೆದಾಗ ಹುಡುಗಿಯರ ಕಡೆ ಒಂದೆರಡು ಬೆಂಚು ಖಾಲಿಯಾಗಿರುತ್ತಿದ್ದವು. ಮದುವೆಯಾಯಿತು ಮೇಡಂ ಎಂದು ಗೆಳತಿಯರು ಹೇಳುವರು. ಚುರುಕಾದ ಹುಡುಗಿಯರನ್ನು ಹೀಗೆ ಕಳೆದುಕೊಂಡಾಗ ನನಗೆ ಊಟ ಸೇರುತ್ತಿರಲಿಲ್ಲ. ಒಬ್ಬಳ ನಿಶ್ಚಯ ಆಗಿದೆ ಎಂದು ತಿಳಿದು, ಇತಿಹಾಸದ ಮೇಷ್ಟ್ರನ್ನು ಕರೆದುಕೊಂಡು ಅವಳ ಊರಿಗೇ ಹೋದೆ. ತಂದೆ ಸಣ್ಣ ಹಿಡುವಳಿಯ ರೈತರು, ತುಂಬ ಮರ್ಯಾದಸ್ಥರು. ಮಜ್ಜಿಗೆ ಕೊಟ್ಟು ಕೂರಿಸಿದರು. "ನೀವು ಹೇಳೋದು ನಂಗೂ ತಿಳೀತೈತೆ ಮೇಡಮ್ನೋರೆ. ಇವಳ ಹಿಂದೆ ಇನ್ನಿಬ್ಬರವರೆ. ಈ ಸಂಬಂಧ ಬಿಟ್ರೆ ನಾಳಿಕೆ ಇಷ್ಟು ಕಮ್ಮಿಗೆ ಯಾರು ಒಪ್ತಾರೆ?" ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮದುವೆ ನಿಲ್ಲಿಸಿ ಎನ್ನದೆ, ಮದುವೆಯಾದ ಮೇಲೂ ಎರಡು ಸೆಮಿಸ್ಟರ್ ಕಳಿಸುವಂತೆ ಗಂಡಿನ ಕಡೆಯವರ ಮಾತು ತೆಗೆದುಕೊಳ್ಳಿ ಎಂದೆ. ತೆಗೆದುಕೊಂಡರು. ಗಂಡಿನ ಕಡೆಯವರೂ ಮಾತು ಉಳಿಸಿಕೊಂಡರು. ಏಳು ತಿಂಗಳ ಗರ್ಭಿಣಿಯಾಗಿ ಅವಳು ಕೊನೆಯ ಪರೀಕ್ಷೆ ಬರೆದಳು. ಈಗ ಅವಳು ಬೇರೊಂದು ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಎಲ್ಲ ಕಡೆ ನನಗೆ ಹೋಗಲಾಗಲಿಲ್ಲ, ಹೋದ ಕಡೆಯೆಲ್ಲ ಮಾತು ನಡೆಯಲೂ ಇಲ್ಲ.

ಈ ನಡುವೆ ಊರಿನ ಚಹರೆಯೇ ಬದಲಾಯಿತು. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಮಳೆಯನ್ನೇ ನಂಬಿ ಸೋತಿದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಬರತೊಡಗಿತು. ಭೂಮಿ ಇದ್ದವರ ಮನೆಯ ಮಕ್ಕಳು ಬೈಕಿನಲ್ಲಿ ಕಾಲೇಜಿಗೆ ಬಂದರು, ಒಳ್ಳೆಯದೇ ಆಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಅವರ ಮಕ್ಕಳಲ್ಲಿ ಕೆಲವರು ಪ್ಯಾನೆಲ್ ತೊಳೆಯಲು, ಹುಲ್ಲು ಕೊಯ್ಯಲು, ರಾತ್ರಿ ಕಾವಲಿಗೆ ಸೇರಿದರು. ಕಾವಲು ಮುಗಿಸಿ ನೇರ ತರಗತಿಗೆ ಬಂದು ನಿದ್ದೆಗೆ ಜಾರುವ ಹುಡುಗನನ್ನು ನಾನು ಎಬ್ಬಿಸುತ್ತಿರಲಿಲ್ಲ. ಅವನು ಸಂಜೆ ಬಂದರೆ ಒಬ್ಬನಿಗೇ ಪಾಠ ಹೇಳುತ್ತಿದ್ದೆ. ಬಿ.ಎ. ಪದವಿ ಹಿಡಿದುಕೊಂಡು ಅದೇ ಕಾವಲಿಗೆ ಮರಳಿದವರನ್ನೂ ನೋಡಿದ್ದೇನೆ, ಅವರ ಮುಂದೆ ನನಗೆ ಮಾತು ಸೋಲುತ್ತಿತ್ತು.

ಆ ಸೀಮೆಯ ಕಥೆ ಆ ಮಕ್ಕಳೇ ಬರೆಯಬೇಕು ಎಂದು ನನಗೆ ಮೊದಲಿನಿಂದ ಆಸೆ. ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘ ಕಟ್ಟಿ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಹೊರಡಿಸಿದರು. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕನ್ನಡ ಸಂಘದಿಂದ ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕ ಮಾಡಿದರು. ಕನ್ನಡ ಮೇಷ್ಟ್ರ ಕೆಲಸ ಪಾಠದ ಕೋಣೆಗೆ ಮುಗಿಯುವುದಿಲ್ಲ ಎಂದು ಅವರಿಂದ ಕಲಿತವರು ನಾವು. ನಮ್ಮ ಕೈಲಿ ಪತ್ರಿಕೆ ಅಚ್ಚು ಹಾಕಿಸಲು ಆಗಲಿಲ್ಲ. ಗೋಡೆಪತ್ರಿಕೆ ಮಾಡಿದೆವು, ಕಚೇರಿಯ ಪಕ್ಕದ ಹಳೆಯ ನೋಟಿಸ್ ಬೋರ್ಡೇ ಜಾಗ. ಮೊದಮೊದಲು ಹಾಕಿದ್ದೆಲ್ಲ ಪ್ರೇಮ ಕವಿತೆ, ತಾಯಿಯ ಮೇಲೆ ಕವಿತೆ. ನಿಮ್ಮ ಮನೆಯಲ್ಲಿ ಯಾರೂ ಬರೆಯದೆ ಬಿಟ್ಟದ್ದನ್ನು ಬರೆಯಿರಿ ಎಂದು ಹೇಳಿದ ಮೇಲೆ ಬೇರೆ ಬರಹಗಳು ಬರತೊಡಗಿದವು.

ಒಬ್ಬಳು ಅಜ್ಜಿಯ ಕಾಲಿನ ಬಗ್ಗೆ ಬರೆದಳು. ಆ ತಾಲ್ಲೂಕಿನ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದವರ ಹಲ್ಲು ಕಂದಾಗುತ್ತದೆ, ವಯಸ್ಸಾದಂತೆ ಮೂಳೆ ಬಿಗಿದು ಬಾಗುತ್ತದೆ. ಅಜ್ಜಿ ನೆಲದಲ್ಲಿ ಕೂತರೆ ಏಳಲಾರಳು ಎಂದು, ಮದುವೆಮನೆ ಪಂಕ್ತಿಯಲ್ಲಿ ಅವಳು ಗೋಡೆಗೆ ಒರಗಿ ನಿಂತೇ ಉಣ್ಣುತ್ತಾಳೆ ಎಂದು, ನಿಂತು ಉಣ್ಣುವುದು ನೋಡಿ ಅಹಂಕಾರ ಎಂದವರಿದ್ದಾರೆ ಎಂದು ಆ ಹುಡುಗಿ ಬರೆದಿದ್ದಳು. ಪುಟಕ್ಕಿಂತ ಕಡಿಮೆ ಬರಹ. ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಮಕ್ಕಳು ತಮ್ಮ ತಮ್ಮ ಮನೆಯವರ ಬಗ್ಗೆ ಸೇರಿಸುತ್ತ ಹೋದರು. ನಮ್ಮ ತಾತ. ನಮ್ಮ ಅಪ್ಪನಿಗೂ ಶುರುವಾಗಿದೆ. ರಸಾಯನಶಾಸ್ತ್ರದ ಮೇಷ್ಟ್ರು ಅದನ್ನು ಓದಿ, ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಸುತ್ತಲ ಊರುಗಳ ನೀರನ್ನು ಬಾಟಲಿಗಳಲ್ಲಿ ತಂದು ಪರೀಕ್ಷೆ ಮಾಡಿಸಿದರು. ಕನ್ನಡದ ಒಂದು ಬರಹ ಪ್ರಯೋಗಾಲಯದ ಬಾಗಿಲು ತೆರೆಸಿದ ಆ ವಾರ ನಾನು ಪಟ್ಟ ಹೆಮ್ಮೆಯನ್ನು ಮುಚ್ಚಿಡಲಾರೆ.

ಆ ರಸಾಯನಶಾಸ್ತ್ರದ ಮೇಷ್ಟ್ರು ಅತಿಥಿ ಉಪನ್ಯಾಸಕರು. ನಾನು ಇಲ್ಲಿ ಹೇಳಿದ ಒಳ್ಳೆಯ ಕೆಲಸಗಳಲ್ಲಿ ಅರ್ಧದಷ್ಟು ಅವರಂಥವರು ಮಾಡಿದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮೀರಿ ಇಂಥವರಿದ್ದರು. ಕಾಯಂ ಆದ ನಮ್ಮ ಸಂಬಳದ ಪಕ್ಕದಲ್ಲಿ ಅವರ ಗೌರವಧನ ಬಹಳ ಕಾಲ ತಿಂಗಳಿಗೆ ಹನ್ನೊಂದು, ಹದಿಮೂರು ಸಾವಿರ ರೂಪಾಯಿ. ಅದೂ ಪ್ರತಿ ತಿಂಗಳು ಕೈಗೆ ಬರುತ್ತಿರಲಿಲ್ಲ, ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ. ರಜೆಯ ತಿಂಗಳುಗಳಿಗೆ ಏನೂ ಇರುತ್ತಿರಲಿಲ್ಲ. ಮುಂದಿನ ವರ್ಷ ಅದೇ ಕಾಲೇಜಿಗೆ ಬರುತ್ತೇವೆಯೋ ಇಲ್ಲವೋ ತಿಳಿಯದೆ ಅವರು ಬೇಸಿಗೆ ಕಳೆಯುತ್ತಿದ್ದರು. ಒಂದೇ ಸ್ಟಾಫ್‌ರೂಮಿನಲ್ಲಿ, ಒಂದೇ ಟೇಬಲ್ಲಿನ ಎದುರುಬದುರು ಕೂತು ಬುತ್ತಿ ಬಿಚ್ಚುವಾಗ ನನಗೆ ಆಗುತ್ತಿದ್ದ ಸಂಕೋಚ ಕೊನೆಯ ದಿನದವರೆಗೂ ಕಡಿಮೆಯಾಗಲಿಲ್ಲ. ತಿಂಗಳ ಮೊದಲ ದಿನ ಮೊಬೈಲಿಗೆ ಸಂಬಳದ ಮೆಸೇಜು ಬಂದಾಗ ಅವರೆದುರು ಅದನ್ನು ತೆರೆದು ನೋಡುತ್ತಿರಲಿಲ್ಲ.

2022ರ ಜನವರಿಯಲ್ಲಿ, ಅವರು ಮುಷ್ಕರ ಮಾಡಿದ ಮೇಲೆ, ಗೌರವಧನ 26,000ದಿಂದ 32,000 ರೂಪಾಯಿವರೆಗೆ ಏರಿತು. ಜೊತೆಗೆ ವಾರದ ಪಾಠದ ಅವಧಿ ಹದಿನೈದು ಗಂಟೆಗೆ ಏರಿತು. ಕೆಲಸ ಉಳಿದವರಿಗೆ ಅದರಿಂದ ನಿಜವಾಗಿಯೂ ಉಸಿರು ಬಂತು. ಆದರೆ ಒಂದು ವಿಷಯದಲ್ಲಿ ಇಬ್ಬರು ಹಂಚಿಕೊಂಡಿದ್ದ ಅವಧಿಗಳು ಈಗ ಒಬ್ಬರಿಗೇ ಹೋದವು, ಇನ್ನೊಬ್ಬರಿಗೆ ಜಾಗ ಇಲ್ಲವಾಯಿತು. ನಮ್ಮಲ್ಲಿ ಹಾಗೆ ಹೊರಗೆ ಉಳಿದವರು ಅರ್ಥಶಾಸ್ತ್ರದವರು. ಹದಿನೈದು ವರ್ಷದ ಅನುಭವ, ಆ ಸೀಮೆಯ ಪ್ರತಿ ಊರಿನ ಬೆಳೆ, ಸಾಲ, ನೀರು ಅವರಿಗೆ ಬಾಯಿಪಾಠ. ಹಣದುಬ್ಬರದ ಪಾಠವನ್ನು ಕಡಲೆಕಾಯಿ ಚೀಲದ ದರ ಹಿಡಿದುಕೊಂಡು ಹೇಳುತ್ತಿದ್ದರು. ಅವರಿಗಿಂತ ಒಳ್ಳೆಯ ಅಧ್ಯಾಪಕರನ್ನು ಆ ಕಟ್ಟಡದಲ್ಲಿ ನಾನು ಕಾಣಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಈಗ ಅವರು ಬಸ್‌ಸ್ಟ್ಯಾಂಡ್ ಬಳಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಅರ್ಜಿ ತುಂಬಿಸಿಕೊಳ್ಳಲು ಬರುವ ಬಿ.ಎ. ಮಕ್ಕಳು ಅಂಗಡಿಯ ಮುಂದೆಯೇ ನಿಂತು ಬಡತನದ ರೇಖೆ, ಬೇಡಿಕೆಯ ನಿಯಮ ಕೇಳುತ್ತಾರೆ, ಅವರು ಮೆಷಿನ್ ನಿಲ್ಲಿಸಿ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಕಳೆದ ಸಲ ಆ ಕಡೆ ಹೋದಾಗ ಅವರೊಂದಿಗೆ ಒಂದು ಗಂಟೆ ಕೂತಿದ್ದೆ. ಹೊಸ ಪಠ್ಯದಲ್ಲಿ ಕೃಷಿ ಅರ್ಥಶಾಸ್ತ್ರದ ಭಾಗ ಮೊಟಕಾಗಿದೆ ಎಂದು ಅವರಿಗೆ ಬೇಸರ. ಸೋಲಾರ್ ಪಾರ್ಕಿನ ಊರುಗಳಲ್ಲಿ ಭೂಮಿ ಇಲ್ಲದವರ ಆದಾಯ ಏನಾಯಿತು ಎಂದು ನಾಲ್ಕು ಹುಡುಗರನ್ನು ಜೊತೆಗಿಟ್ಟುಕೊಂಡು ಮನೆಮನೆ ಸಮೀಕ್ಷೆ ಮಾಡುವ ಯೋಚನೆಯಲ್ಲಿದ್ದರು, ಪ್ರಶ್ನಾವಳಿಯ ಕನ್ನಡ ತಿದ್ದಿಕೊಡಿ ಎಂದು ನನ್ನ ಕೈಗೆ ಕೊಟ್ಟರು. ತಿದ್ದಿಕೊಟ್ಟೆ. ಆ ಮಕ್ಕಳ ಮೂರು ವರ್ಷದಲ್ಲಿ ಇಂಥವರಿಗೆ ಒಂದು ತರಗತಿಯ ಜಾಗ ಹೊಂದಿಸಲು ಆಗುವುದಿಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.